ಬೆಚ್ಚನೆಯ ನೀರನ್ನರಸಿ ದಕ್ಷಿಣಕ್ಕೆ

ಅಮೆರಿಕದ ಉತ್ತರ ಭಾಗದಲ್ಲಿ ನೆಲೆಸಿರುವವರಿಗೆ ನವೆಂಬರ್ ತಿಂಗಳೆಂದರೆ ಮನಸ್ಸನ್ನು ಕುಗ್ಗಿಸುವ ಕಾಲ. ಅಕ್ಟೋಬರಿನಲ್ಲಿ ಕೆಂಪು ಹಳದಿ ಬಣ್ಣ ತಳೆದು ಕಣ್ಮನ ತಣಿಸಿದ ಮೇಪಲ್ ಮರಗಳು ಎಲೆಗಳನ್ನೆಲ್ಲ ಉದುರಿಸಿ ಬರಿಗೊಂಬೆಗಳಾಗಿ ನಿಲ್ಲುತ್ತವೆ. ಸಂಜೆ ಐದು ಗಂಟೆ ದಾಟುತ್ತಲೇ ಕತ್ತಲೆ ಕವಿಯುತ್ತದೆ. ಇನ್ನು ನಾಲ್ಕೈದು ತಿಂಗಳು ಹಿಮ, ಮೋಡ ಮತ್ತು ಮುಚ್ಚಿದ ಬಾಗಿಲುಗಳ ಬದುಕು. ಈ ಸಮಯದಲ್ಲಿ ಮಿಶಿಗನ್, ಓಹಾಯೋ ಮುಂತಾದ ರಾಜ್ಯಗಳಿಂದಲೂ ನೆರೆಯ ಕೆನಡಾದಿಂದಲೂ ಅಸಂಖ್ಯ ನಿವೃತ್ತ ದಂಪತಿಗಳು ಮನೆಗೆ ಬೀಗ ಹಾಕಿ ಫ್ಲಾರಿಡಾ, ಟೆಕ್ಸಾಸ್, ಆರಿಜೋನಾಗಳ ದಾರಿ ಹಿಡಿಯುತ್ತಾರೆ. ಅವರನ್ನು ಇಲ್ಲಿಯ ಜನರು ‘ಹಿಮಹಕ್ಕಿಗಳು’ ಎಂದು ಪ್ರೀತಿಯಿಂದ ಕರೆಯುವುದುಂಟು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲವೂ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳನ್ನು ಕಂಡ ನಮ್ಮ ಓದುಗ ಬಂಧುಗಳಿಗೆ ಈ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ.

2023ರ ನವೆಂಬರ್ ತಿಂಗಳಲ್ಲಿ ನಾವೂ ಅಂತಹ ಹಕ್ಕಿಗಳಾದೆವು. ಆದರೆ ನಮ್ಮ ಪ್ರವಾಸದ ಉದ್ದೇಶ ಬಿಸಿಲು ಕಾಯಿಸಿಕೊಳ್ಳುವುದಷ್ಟೇ ಆಗಿರಲಿಲ್ಲ. ಡೆಟ್ರಾಯಿಟ್ ನಗರದ ಹೊರವಲಯದಲ್ಲಿ ನಮ್ಮ ಮನೆಯ ಸಮೀಪವೇ ದಾವಣಗೆರೆಯ ಮೂಲದ ಹಿರಿಯರೊಬ್ಬರಿದ್ದಾರೆ. ಮೂವತ್ತೈದು ವರ್ಷ ಮೋಟಾರು ಕಾರ್ಖಾನೆಯಲ್ಲಿ ಇಂಜಿನಿಯರರಾಗಿ ದುಡಿದು ನಿವೃತ್ತರಾದವರು. ನಮಗೆಲ್ಲ ಅವರು ‘ಅಣ್ಣಾವ್ರು’. ಆ ವರ್ಷದ ಮೇ ತಿಂಗಳಲ್ಲಿ ಅವರ ಧರ್ಮಪತ್ನಿ ಲಿಂಗೈಕ್ಯರಾದರು. ಅಂದಿನಿಂದ ಅಣ್ಣಾವ್ರು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟರು. ಹ್ಯೂಸ್ಟನ್ನಿನಲ್ಲಿರುವ ಮಗ ಪರಿಪರಿಯಾಗಿ ಕರೆದರೂ ಹೋಗಲೊಪ್ಪಲಿಲ್ಲ. ಅಕ್ಕನವರು ನೆಟ್ಟ ಗಿಡ, ಅವರು ಜೋಡಿಸಿದ ಅಡುಗೆಮನೆ, ಇವನ್ನು ಬಿಟ್ಟು ಬಂದರೆ ಅವರನ್ನೇ ಬಿಟ್ಟು ಬಂದಂತಾಗುತ್ತದೆ ಎಂಬುದು ಅವರ ಭಾವನೆ. ಚಳಿಗಾಲವಿಡೀ ಆ ಮನೆಯಲ್ಲಿ ಅವರೊಬ್ಬರೇ ಇರುವುದನ್ನು ನೆನೆದು ನಮಗೆ ನಿದ್ರೆ ಬಾರದಾಯಿತು.

ಬೆಳಗಾವಿಯ ಗೆಳೆಯ ದಂಪತಿಗಳೊಡನೆ ಕೂಡಿ ಯೋಚಿಸಿ ಒಂದು ಮನೆಗಾಡಿಯನ್ನು ಬಾಡಿಗೆಗೆ ಪಡೆದೆವು. ಇಲ್ಲಿ ಇದನ್ನು ಕ್ಯಾಂಪರ್ ಎನ್ನುತ್ತಾರೆ. ಲಾರಿಯ ಮೈಮೇಲೆ ಪುಟ್ಟ ಮನೆಯೊಂದನ್ನು ಕೂರಿಸಿದಂತಿರುವ ಈ ವಾಹನದಲ್ಲಿ ಆರು ಜನ ಮಲಗಬಹುದು. ಅನಿಲದ ಒಲೆ, ನೀರಿನ ತೊಟ್ಟಿ, ಶೌಚಾಲಯ, ಬೆಚ್ಚಗಿಡುವ ಯಂತ್ರ ಎಲ್ಲವೂ ಉಂಟು. ಇಂಧನದ ವಿಷಯದಲ್ಲಿ ಮಾತ್ರ ಮಹಾ ಹೊಟ್ಟೆಬಾಕ. ಲೀಟರಿಗೆ ನಾಲ್ಕು ಕಿಲೋಮೀಟರು ಓಡಿದರೆ ಪುಣ್ಯ. “ನಮಗೆ ಯಂತ್ರಗಳ ವಿಷಯ ತಿಳಿಯದು, ನೀವು ಜೊತೆಗಿರಬೇಕು” ಎಂದು ಅಣ್ಣಾವ್ರನ್ನು ಬಲವಂತಪಡಿಸಿದೆವು. ಅವರು ಮನಸ್ಸಿಲ್ಲದ ಮನಸ್ಸಿನಿಂದ ಒಂದು ಸಣ್ಣ ಚೀಲ ಹಿಡಿದು ಬಂದರು. ಹೆಣ್ಣುಮಕ್ಕಳು ಕಟಿರೊಟ್ಟಿ, ಶೇಂಗಾ ಚಟ್ನಿ, ಉಪ್ಪಿನಕಾಯಿಗಳನ್ನು ಡಬ್ಬಿಗಳಲ್ಲಿ ತುಂಬಿಕೊಂಡರು.

ನಮ್ಮ ದಾರಿ 75ನೆಯ ಅಂತರರಾಜ್ಯ ಹೆದ್ದಾರಿ. ಕೆನಡಾದ ಗಡಿಗೆ ಹೊಂದಿರುವ ಸೂ ಸೇಂಟ್ ಮರಿ ಎಂಬ ಊರಿನಿಂದ ಮಯಾಮಿಯ ಸಮೀಪದವರೆಗೆ ಸುಮಾರು 2,870 ಕಿಲೋಮೀಟರು ಉದ್ದಕ್ಕೆ ಚಾಚಿರುವ ಈ ಹೆದ್ದಾರಿಯು ಹಿಮಹಕ್ಕಿಗಳ ರಾಜಮಾರ್ಗವೆಂದೇ ಪ್ರಸಿದ್ಧ. ಓಹಾಯೋ ರಾಜ್ಯದ ಬಯಲನ್ನು ಹಾದು, ಸಿನ್ಸಿನಾಟಿಯಲ್ಲಿ 1963ರಲ್ಲಿ ಸಂಚಾರಕ್ಕೆ ತೆರೆದ ಎರಡಂತಸ್ತಿನ ಸೇತುವೆಯ ಮೇಲೆ ಓಹಾಯೋ ನದಿಯನ್ನು ದಾಟಿದರೆ ಕೆಂಟಕಿ ರಾಜ್ಯ. ಲೆಕ್ಸಿಂಗ್ಟನ್ ಸುತ್ತಮುತ್ತ ಮೈಲುಗಟ್ಟಲೆ ಬೇಲಿ ಕಟ್ಟಿದ ಹುಲ್ಲುಗಾವಲುಗಳಲ್ಲಿ ಜಾತಿಕುದುರೆಗಳು ಮೇಯುತ್ತಿದ್ದವು. ಆ ನೆಲದ ಅಡಿಯಲ್ಲಿರುವ ಸುಣ್ಣಕಲ್ಲಿನಿಂದಾಗಿ ಹುಲ್ಲಿಗೂ ನೀರಿಗೂ ಸುಣ್ಣದ ಅಂಶ ಸೇರಿ ಕುದುರೆಗಳ ಎಲುಬು ಗಟ್ಟಿಯಾಗುತ್ತದೆ ಎಂದು ಅಲ್ಲಿಯವರ ನಂಬಿಕೆ. ಅಣ್ಣಾವ್ರು ಕಿಟಕಿಯ ಬಳಿ ಕುಳಿತು ಎಲ್ಲವನ್ನೂ ನೋಡಿದರು, ಮಾತನಾಡಲಿಲ್ಲ.

ಆ ರಾತ್ರಿ ಬೆರಿಯಾ ಎಂಬ ಊರಿನ ಆಚೆ ಬಿಡಾರ ಹೂಡಿದೆವು. ವಿದ್ಯುತ್ ಸಂಪರ್ಕವಿದ್ದ ಸ್ಥಳಗಳೆಲ್ಲ ಭರ್ತಿಯಾಗಿದ್ದುದರಿಂದ ಸಂಪರ್ಕವಿಲ್ಲದ ಮೂಲೆಯೊಂದು ದೊರೆಯಿತು. ಒಂದು ರಾತ್ರಿಯ ಮಾತಲ್ಲವೇ ಎಂದು ಎಲ್ಲ ದೀಪಗಳನ್ನೂ ಉರಿಸಿ ಹನ್ನೊಂದು ಗಂಟೆಯವರೆಗೆ ಹರಟುತ್ತ ಕುಳಿತೆವು. ಇದು ನಮ್ಮದೇ ತಪ್ಪು. ಮನೆಗಾಡಿಯ ಬೆಚ್ಚಗಿಡುವ ಯಂತ್ರ ಉರಿಯುವುದು ಅನಿಲದಿಂದಾದರೂ ಅದರ ಗಾಳಿಪಂಕ ತಿರುಗುವುದು ಬ್ಯಾಟರಿಯಿಂದ. ನಸುಕಿನ ಮೂರು ಗಂಟೆಯ ಹೊತ್ತಿಗೆ ಬ್ಯಾಟರಿ ಬರಿದಾಗಿ ಯಂತ್ರ ನಿಂತುಹೋಯಿತು. ಹೊರಗೆ ನೀರು ಹೆಪ್ಪುಗಟ್ಟುವ ಚಳಿ. ಉಸಿರು ಹೊಗೆಯಾಗಿ ಕಾಣುತ್ತಿತ್ತು. ನಡುಗುತ್ತ ಎದ್ದ ನಮ್ಮ ಶ್ರೀಮತಿಯವರು ಅಡುಗೆಯ ಒಲೆಯನ್ನಾದರೂ ಹೊತ್ತಿಸೋಣವೆಂದು ಕಡ್ಡಿ ಗೀರಲು ಹೊರಟಿದ್ದರು. ಅಷ್ಟರಲ್ಲಿ ಕತ್ತಲೆಯಿಂದ ಗಟ್ಟಿ ಧ್ವನಿ ಕೇಳಿತು:

“ತಂಗೀ, ಒಲಿ ಹಚ್ಚಬ್ಯಾಡ! ಕಡ್ಡಿ ಕೆಳಗಿಡು!”

ಎರಡು ದಿನ ಮೊದಲು ಎರಡು ಮಾತೂ ಆಡದ ಅಣ್ಣಾವ್ರು ಎದ್ದು ನಿಂತಿದ್ದರು. ಮುಚ್ಚಿದ ಗಾಡಿಯಲ್ಲಿ ಒಲೆ ಉರಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ತುಂಬಬಹುದು. ಅದನ್ನು ಅರುಹಬೇಕಾದ ಎಚ್ಚರಿಕೆಯ ಗಂಟೆಯೂ ನಮ್ಮ ಗಾಡಿಯಲ್ಲಿ ಅದೇ ಬರಿದಾದ ಬ್ಯಾಟರಿಯನ್ನೇ ನಂಬಿತ್ತು. ಮಲಗಿದವರು ಮಲಗಿದಂತೆಯೇ ಉಳಿಯುತ್ತಿದ್ದೆವೆಂಬುದನ್ನು ಅವರು ನಿಧಾನವಾಗಿ ಬಿಡಿಸಿ ಹೇಳಿದಾಗ ಚಳಿಗಿಂತ ಹೆಚ್ಚಿನ ನಡುಕ ನಮ್ಮನ್ನು ಹಿಡಿಯಿತು. ಬಳಿಕ ಅವರು ಎಲ್ಲರಿಗೂ ಕೋಟು ತೊಡಿಸಿ, ಕಿಟಕಿಗಳನ್ನು ತುಸು ತೆರೆಸಿ, ಹೊರಗಿಳಿದು ಹೊಗೆಯ ಕೊಳವೆಗೆ ಅಡ್ಡಿಯಿಲ್ಲವೆಂದು ನೋಡಿಕೊಂಡು, ವಾಹನದ ಇಂಜಿನನ್ನು ಚಾಲನೆ ಮಾಡಿದರು. ಇಂಜಿನು ಬ್ಯಾಟರಿಗೆ ಶಕ್ತಿ ತುಂಬಿತು. ಮುಕ್ಕಾಲು ಗಂಟೆಯಲ್ಲಿ ಯಂತ್ರ ಮತ್ತೆ ತಿರುಗಿತು. ಬೆಳಗಾಗುವವರೆಗೆ ಯಾರೂ ಮಲಗಲಿಲ್ಲ. ಅಣ್ಣಾವ್ರು ತಾವೇ ಚಹ ಮಾಡಿಸಿ, “ನೀವು ಐದು ಮಂದಿ ಓದಿದವರು, ಒಂದು ಬ್ಯಾಟರಿ ಲೆಕ್ಕ ತಿಳಿಲಿಲ್ಲೇನು?” ಎಂದು ಬೈದರು. ಇದ್ದವರು ಐದು ಮಂದಿ ಅವರೂ ಸೇರಿ! ಆ ತಪ್ಪು ಲೆಕ್ಕಕ್ಕೆ ಬೆಳಗಾವಿಯ ತಂಗಿ ನಕ್ಕಳು, ಅಣ್ಣಾವ್ರೂ ನಕ್ಕರು. ಆರು ತಿಂಗಳ ನಂತರ ನಾವು ಕೇಳಿದ ಮೊದಲ ನಗೆ ಅದು.

ಮರುದಿನ ಕಂಬರ್‌ಲೆಂಡ್ ಪರ್ವತಗಳನ್ನೇರಿ ಟೆನೆಸ್ಸಿ ರಾಜ್ಯವನ್ನು ಪ್ರವೇಶಿಸಿದೆವು. ಈ ದಾರಿಯಲ್ಲೊಂದು ವಿಶೇಷವುಂಟು. ದಕ್ಷಿಣಕ್ಕೆ ಇಳಿದಂತೆಲ್ಲ ಋತುವು ಹಿಂದಕ್ಕೆ ಸರಿಯುತ್ತದೆ. ಮಿಶಿಗನ್ನಿನಲ್ಲಿ ಬರಿದಾದ ಮರಗಳು ಕೆಂಟಕಿಯಲ್ಲಿ ಕಂದು ಎಲೆ ಹೊತ್ತಿದ್ದವು. ಚಟ್ಟನೂಗದ ಕಣಿವೆಯಲ್ಲಿ ಇನ್ನೂ ಕೆಂಪು ಹಳದಿಯ ವೈಭವವಿತ್ತು. ಅಲ್ಲಿ ತಂಗಿದ ರಾತ್ರಿ ಮೊದಲು ಮಾಡಿದ ಕೆಲಸವೆಂದರೆ ವಿದ್ಯುತ್ ಸಂಪರ್ಕ ಪಡೆದದ್ದು!

ಮೂರನೆಯ ದಿನ ಅಟ್ಲಾಂಟಾದ ವಾಹನದಟ್ಟಣೆಯನ್ನು ದಾಟಿ ಜಾರ್ಜಿಯಾದ ದಕ್ಷಿಣ ಬಯಲಿಗೆ ಬಂದೆವು. ಅಮೆರಿಕದಲ್ಲಿ ಅತಿ ಹೆಚ್ಚು ಶೇಂಗಾ ಬೆಳೆಯುವ ರಾಜ್ಯ ಇದೇ. ರಸ್ತೆಬದಿಯ ಅಂಗಡಿಯಲ್ಲಿ ಉಪ್ಪುನೀರಿನಲ್ಲಿ ಕುದಿಸಿದ ಶೇಂಗಾಕಾಯಿ ಮಾರುತ್ತಿದ್ದರು. ಬಿಸಿಬಿಸಿ ಕಾಯಿ ಸುಲಿದು ಬಾಯಿಗಿಟ್ಟಾಗ ಧಾರವಾಡದ ಸಂತೆಯೇ ಕಣ್ಣಮುಂದೆ ಬಂತು. ಮುಂದೆ ಟಿಫ್ಟನ್ ಸಮೀಪ ಹೊಲಗಳೆಲ್ಲ ಬೆಳ್ಳಗಾಗಿದ್ದವು. ಹಿಮವೇ ಇಲ್ಲಿಗೂ ಬೆನ್ನಟ್ಟಿ ಬಂತೇನೋ ಎಂದು ಬೆಳಗಾವಿಯ ಗೆಳೆಯರು ಗಾಬರಿಗೊಂಡರು. ನೋಡಿದರೆ ಒಡೆದು ನಿಂತ ಹತ್ತಿ!

ಅಣ್ಣಾವ್ರು ಗಾಡಿ ನಿಲ್ಲಿಸಲು ಹೇಳಿದರು. ಹಳ್ಳಿಯ ಅಡ್ಡರಸ್ತೆಗೆ ತಿರುಗಿಸಿ ನಿಲ್ಲಿಸಿದೆವು. ಗಾಳಿಗೆ ಹಾರಿ ರಸ್ತೆಯಂಚಿಗೆ ಬಂದು ಬಿದ್ದಿದ್ದ ಹತ್ತಿಯ ಎಳೆಯೊಂದನ್ನು ಎತ್ತಿ ಬೆರಳುಗಳ ನಡುವೆ ಎಳೆದು ಅದರ ಉದ್ದ ನೋಡಿದರು. ಅವರ ತಂದೆಯವರು ದಾವಣಗೆರೆಯ ಹತ್ತಿಗಿರಣಿಯಲ್ಲಿ ದುಡಿದವರು. ಗಿರಣಿಗಳ ವೈಭವದ ದಿನಗಳಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ಊರದು. ಪಾಳಿ ಮುಗಿಸಿ ಬರುತ್ತಿದ್ದ ತಂದೆಯ ತಲೆಗೂದಲಲ್ಲಿ ಸದಾ ಹತ್ತಿಯ ಎಳೆಗಳಿರುತ್ತಿದ್ದವಂತೆ. “ನಮ್ಮವ್ವ ಅದನ್ನ ಒಂದೊಂದೇ ತೆಗೀತಿದ್ಲು. ನಾನು ಈ ದೇಶಕ್ಕೆ ಹೊರಟಾಗ ಅಪ್ಪ ಒಂದೇ ಮಾತು ಹೇಳಿದ್ದ, ‘ದುಡಿಯೋ ಕಡೆ ಹೋಗಬೇಕಪ್ಪ, ಆದ್ರೆ ಬರೋ ದಾರಿ ಮರೀಬಾರ್ದು’ ಅಂತ.” ಇಷ್ಟು ಹೇಳಿ ಎಳೆಯನ್ನು ಅಂಗಿಯ ಜೇಬಿನಲ್ಲಿರಿಸಿಕೊಂಡರು.

ನಾಲ್ಕನೆಯ ದಿನ ಫ್ಲಾರಿಡಾ. ಓಕಾಲಾದ ಬಳಿ ಹೆದ್ದಾರಿಯನ್ನು ಬಿಟ್ಟು ಪೈನ್ ಮರಗಳ ಕಾಡಿನ ನಡುವೆ ಸಾಗಿ ಆರೆಂಜ್ ಸಿಟಿಯ ಸಮೀಪದ ಬ್ಲೂ ಸ್ಪ್ರಿಂಗ್ ಉದ್ಯಾನವನ್ನು ತಲುಪಿದೆವು. ಅಲ್ಲಿಗೆ ಸುಮಾರು 1,900 ಕಿಲೋಮೀಟರುಗಳ ಪಯಣವಾಗಿತ್ತು. ಕೋಟುಗಳು ಪೆಟ್ಟಿಗೆ ಸೇರಿದವು. ಸಂಜೆ ಬರಿಗಾಲಲ್ಲಿ ಮರಳಿನ ಮೇಲೆ ನಡೆದಾಗ ಉಂಟಾದ ಹಿತ ಹೇಳತೀರದು.

ಬ್ಲೂ ಸ್ಪ್ರಿಂಗ್ ಎಂಬುದು ನೆಲದಾಳದ ಸುಣ್ಣಕಲ್ಲಿನ ಗುಹೆಯಿಂದ ಉಕ್ಕುವ ಒಂದು ಒರತೆ. ದಿನವೊಂದಕ್ಕೆ ಸುಮಾರು 38 ಕೋಟಿ ಲೀಟರು ನೀರು ಅಲ್ಲಿಂದ ಹೊಮ್ಮಿ, ಅರ್ಧ ಕಿಲೋಮೀಟರಿನಷ್ಟು ಹೊಳೆಯಾಗಿ ಹರಿದು ಸೇಂಟ್ ಜಾನ್ಸ್ ನದಿಯನ್ನು ಸೇರುತ್ತದೆ. ಬೇಸಿಗೆಯಿರಲಿ, ಚಳಿಗಾಲವಿರಲಿ, ಆ ನೀರಿನ ಉಷ್ಣತೆ ಸುಮಾರು 22 ಡಿಗ್ರಿ ಸೆಲ್ಸಿಯಸ್. ಈ ಬೆಚ್ಚನೆಯ ನೀರನ್ನು ಅರಸಿ ಬರುವ ನಿಜವಾದ ಯಾತ್ರಿಕರು ಮ್ಯಾನಟಿಗಳು. ಕಡಲಹಸು ಎಂದೂ ಕರೆಯಲ್ಪಡುವ ಈ ಪ್ರಾಣಿಗಳು ಆನೆಯ ದೂರದ ಬಂಧುಗಳು, ಸಂಪೂರ್ಣ ಸಸ್ಯಾಹಾರಿಗಳು. ನಾಲ್ಕೈದು ನೂರು ಕಿಲೋ ತೂಗುವ ದೇಹವಾದರೂ ಚಳಿಯನ್ನು ತಡೆಯುವ ಕೊಬ್ಬಿನ ಹೊದಿಕೆ ಅವುಗಳಿಗೆ ಸಾಲದು. ನೀರು 20 ಡಿಗ್ರಿಗಿಂತ ಕೆಳಗಿಳಿದು ಬಹುಕಾಲ ಹಾಗೆಯೇ ಉಳಿದರೆ ಅವು ರೋಗಕ್ಕೀಡಾಗಿ ಸಾಯುತ್ತವೆ. 1970ರ ದಶಕದ ಆರಂಭದಲ್ಲಿ ಇಲ್ಲಿಗೆ ಬರುತ್ತಿದ್ದ ಮ್ಯಾನಟಿಗಳು ನಲವತ್ತಕ್ಕಿಂತ ಕಡಿಮೆ. 1972ರಲ್ಲಿ ರಾಜ್ಯ ಸರ್ಕಾರವು ಈ ಸ್ಥಳವನ್ನು ಕೊಂಡು ಉದ್ಯಾನವನ್ನಾಗಿ ಕಾಪಾಡತೊಡಗಿತು. ನವೆಂಬರ್ ಮಧ್ಯಭಾಗದಿಂದ ಮಾರ್ಚ್ ತಿಂಗಳವರೆಗೆ ಮನುಷ್ಯರು ಆ ನೀರಿಗೆ ಇಳಿಯುವಂತಿಲ್ಲ. ನಾವು ಹೋಗಿ ಬಂದ ಮೇಲೆ, 2024ರ ಜನವರಿಯ ಒಂದೇ ದಿನ ಅಲ್ಲಿ 900ಕ್ಕೂ ಹೆಚ್ಚು ಮ್ಯಾನಟಿಗಳನ್ನು ಎಣಿಸಿದರು.

ಮರುದಿನ ಸೂರ್ಯೋದಯಕ್ಕೆ ಮುನ್ನವೇ ದಂಡೆಯ ಮರದ ಅಟ್ಟಣೆಯ ಮೇಲೆ ನಿಂತೆವು. ರಾತ್ರಿಯ ತಂಪಿನಿಂದ ಒರತೆಯ ಮೇಲೆ ಹಬೆ ಏಳುತ್ತಿತ್ತು. ಬೆಳಕು ಮೂಡಿದಂತೆ ಗಾಜಿನಂತಹ ನೀರಿನಡಿಯಲ್ಲಿ ಬೂದುಬಣ್ಣದ ಬಂಡೆಗಳಂತೆ ಮಲಗಿದ್ದ ಮ್ಯಾನಟಿಗಳು ಕಂಡವು. ಆಗಾಗ ಒಂದೊಂದು ಮೂಗನ್ನು ಮೇಲೆ ತಂದು ನಿಟ್ಟುಸಿರಿನಂತಹ ಸದ್ದು ಮಾಡಿ ಮುಳುಗುತ್ತಿತ್ತು. ತಾಯಿಯ ಪಕ್ಕಕ್ಕೆ ಅಂಟಿಕೊಂಡು ಮರಿಯೊಂದಿತ್ತು. ಬಹುತೇಕ ಎಲ್ಲವುಗಳ ಬೆನ್ನ ಮೇಲೆ ದೋಣಿಯ ಚಕ್ರಗಳು ಮಾಡಿದ ಗಾಯದ ಗುರುತುಗಳು. ಆ ಗುರುತುಗಳಿಂದಲೇ ಸಂಶೋಧಕರು ಪ್ರತಿಯೊಂದನ್ನೂ ಗುರುತಿಸಿ ಹೆಸರಿಡುತ್ತಾರೆಂದು ಫಲಕವೊಂದರಿಂದ ತಿಳಿಯಿತು.

ಬಿಸಿಲು ಏರಿದಂತೆ ಕೆಲವು ಮೆಲ್ಲನೆ ನದಿಯತ್ತ ಸಾಗಿದವು. ಬೆಚ್ಚಗಿನ ಒರತೆಯಲ್ಲಿ ಅವಕ್ಕೆ ಸಾಲುವಷ್ಟು ಮೇವಿಲ್ಲ; ಮೇವಿರುವುದು ತಣ್ಣನೆಯ ನದಿಯಲ್ಲಿ. ಹಸಿದಾಗ ಚಳಿಯೊಳಗೆ ಹೋಗಿ ಮೇದು, ಮೈ ತಣ್ಣಗಾಗುವ ಮುನ್ನ ಒರತೆಗೆ ಮರಳಬೇಕು. ಇದೇ ಅವುಗಳ ಚಳಿಗಾಲದ ಬದುಕು. ಅಣ್ಣಾವ್ರು ಬಹಳ ಹೊತ್ತು ನೋಡುತ್ತ ನಿಂತು, ಕೊನೆಗೆ ಹೇಳಿದರು:

“ಹೊಟ್ಟೆಗೆ ತಣ್ಣೀರು, ಜೀವಕ್ಕೆ ಬಿಸಿನೀರು. ಎರಡೂ ಬೇಕಲ್ಲಪ್ಪ. ಒಂದಕ್ಕೇ ಅಂಟಿಕೊಂಡ್ರೆ ಸಾಯ್ತಾವು.”

ನಾವು ಉತ್ತರಿಸಲಿಲ್ಲ. ಸಂಜೆ ಅವರು ಮಗನಿಗೆ ತಾವಾಗಿಯೇ ದೂರವಾಣಿ ಮಾಡಿದರು. ಡಿಸೆಂಬರಿನಿಂದ ಮಾರ್ಚಿಯವರೆಗೆ ಹ್ಯೂಸ್ಟನ್ನಿನಲ್ಲಿ ಮೊಮ್ಮಕ್ಕಳೊಡನೆ ಇರುವುದಾಗಿಯೂ, ಏಪ್ರಿಲಿನಲ್ಲಿ ಹಿಮ ಕರಗಿ ಅಕ್ಕನವರು ನೆಟ್ಟ ಗಿಡಗಳು ಚಿಗುರುವ ಹೊತ್ತಿಗೆ ತಮ್ಮ ಮನೆಗೆ ಮರಳುವುದಾಗಿಯೂ ತಿಳಿಸಿದರು. ಮನೆಯನ್ನು ಮಾರುವ ಮಾತು ಎತ್ತಬಾರದೆಂಬ ಷರತ್ತನ್ನೂ ಹಾಕಿದರು. ಮಗ ಒಪ್ಪಿದ. ಅಂದಿನಿಂದ ಹಾಗೆಯೇ ನಡೆದುಬಂದಿದೆ. ಅವರ ಮನೆಯ ಕೀಲಿಕೈ ಚಳಿಗಾಲದಲ್ಲಿ ನಮ್ಮಲ್ಲಿರುತ್ತದೆ. ವಾರಕ್ಕೊಮ್ಮೆ ಹೋಗಿ ಕೊಳವೆಗಳು ಹೆಪ್ಪುಗಟ್ಟಿಲ್ಲವೆಂದು ನೋಡಿ ಬರುತ್ತೇವೆ.

ಒಬ್ಬಂಟಿಯಾದ ಹಿರಿಯರು ಇಂದು ಅಮೆರಿಕದಲ್ಲಷ್ಟೇ ಅಲ್ಲ, ನಮ್ಮ ಊರುಗಳ ಮನೆಮನೆಗಳಲ್ಲಿಯೂ ಇದ್ದಾರೆ. ಅವರನ್ನು ಮನೆ ಬಿಡಿಸುವುದೊಂದೇ ಅಥವಾ ಮನೆಯಲ್ಲಿಯೇ ಬಿಡುವುದೊಂದೇ ದಾರಿಯೆಂದು ನಾವು ತಿಳಿಯಬೇಕಾಗಿಲ್ಲ. ಅಂತಹವರು ನಿಮ್ಮ ಬಳಗದಲ್ಲಿದ್ದರೆ ಒಮ್ಮೆ ಅವರನ್ನು ಜೊತೆಗೆ ಕರೆದುಕೊಂಡು ಹೊರಡಿರಿ. ಅವರಿಗೆ ಉಪಚಾರ ಮಾಡುವುದರ ಜೊತೆಗೆ, ಅವರ ಉಪಕಾರವನ್ನೂ ಬೇಡಿ ಪಡೆಯಿರಿ. ಮನೆಗಾಡಿಯಲ್ಲೇ ಹೊರಡುವುದಾದರೆ, ಮಲಗುವ ಮುನ್ನ ಬ್ಯಾಟರಿಯನ್ನೊಮ್ಮೆ ನೋಡಲು ಮರೆಯದಿರಿ.