ಹಿತ್ತಿಲ ಆಡುಸೋಗೆ

‘ಹಿತ್ತಿಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಾವು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇವೆ. ಕೈಗೆ ಸುಲಭವಾಗಿ ಸಿಕ್ಕ ವಸ್ತುವಿಗೆ ಜನರು ಬೆಲೆ ಕೊಡುವುದಿಲ್ಲವೆಂಬುದು ಅದರ ತಾತ್ಪರ್ಯ. ಆದರೆ ನಮ್ಮ ಮನೆಯಲ್ಲಿ ನಡೆದುದು ಇದಕ್ಕೆ ತೀರ ವಿಪರೀತ. ಹಿತ್ತಿಲ ಗಿಡವನ್ನು ಕಡೆಗಣಿಸಿ ನಾವು ಕೆಡಲಿಲ್ಲ. ಅದು ಹೊರಲಾರದ ಭಾರವನ್ನು ಅದರ ಮೇಲೆ ಹೊರಿಸಿ ಕೆಟ್ಟೆವು.

ಗಡಹಿಂಗ್ಲಜದ ನಮ್ಮ ಮನೆಯ ಹಿಂದೆ ಆಡುಸೋಗೆಯ ಬೇಲಿಯಿದೆ. ಎದುರುಬದುರಾಗಿ ಹುಟ್ಟುವ, ತುದಿ ಚೂಪಾದ ನೀಳ ಎಲೆಗಳು. ಬಿಳಿಯ ಹೂ, ಅದರ ಕೆಳದಳದ ಮೇಲೆ ನೇರಿಳೆಯ ಗೆರೆಗಳು. ಎಲೆ ಬಹಳ ಕಹಿ. ‘ಆಡು ಮುಟ್ಟದ ಸೊಪ್ಪಿಲ್ಲ’ ಎನ್ನುತ್ತಾರಾದರೂ ಈ ಸೊಪ್ಪನ್ನು ಆಡೂ ಮೂಸಿ ಬಿಟ್ಟುಬಿಡುತ್ತದೆ. ಆದುದರಿಂದಲೇ ಇದು ಒಳ್ಳೆಯ ಬೇಲಿ. ನೆರೆಮನೆಯ ಮರಾಠಿ ಬಂಧುಗಳಿಗೆ ಇದೇ ‘ಅಡುಳಸಾ’, ಸಂಸ್ಕೃತದಲ್ಲಿ ‘ವಾಸಾ’. ೧೭೫೩ರಲ್ಲಿ ಲಿನೇಯಸ್ ಇದನ್ನು ‘ಜಸ್ಟೀಸಿಯ ಅಧಾಟೋಡ’ ಎಂದು ಕರೆದಾಗ ನಮ್ಮ ಕಡೆಯ ಹೆಸರೊಂದು ಶಾಸ್ತ್ರದ ಪುಸ್ತಕವನ್ನು ಹೊಕ್ಕಿತು.

ಮಳೆಗಾಲದಲ್ಲಿ ಮನೆಯಲ್ಲಿ ಯಾರಾದರೂ ಕೆಮ್ಮಿದರೆ ನಮ್ಮ ಅಜ್ಜಿ ಹಿತ್ತಿಲಿಗೆ ನಡೆಯುವರು. ಬಲಿತ ಎಲೆಗಳನ್ನು ಕಿತ್ತು, ತೊಳೆದು, ಆವಿಯಲ್ಲಿ ಬಾಡಿಸಿ, ಅರೆದು, ಬಟ್ಟೆಯಲ್ಲಿ ಹಿಂಡುವರು. ಹಸಿ ಎಲೆ ರಸ ಬಿಡುವುದು ಕಡಿಮೆ. ಬಾಡಿಸಿದರೆ ಸಲೀಸಾಗಿ ಬಿಡುತ್ತದೆ. ಎರಡು ಚಮಚೆ ರಸಕ್ಕೆ ಒಂದು ಚಮಚೆ ಜೇನು. ಕುಡಿದವರ ಮುಖ ಸೊಟ್ಟಗಾಗುವುದನ್ನು ನೋಡಿ ಅಜ್ಜಿ ನಗುವರು. ಎರಡು ಮೂರು ದಿನಗಳಲ್ಲಿ ಕಫ ಸಡಿಲವಾಗುತ್ತಿತ್ತು.

ಇದು ಬರಿಯ ನಂಬಿಕೆಯಲ್ಲ. ಈ ಎಲೆಯಲ್ಲಿ ವಾಸಿಸಿನ್ ಎಂಬ ಸತ್ವವಿದೆ. ಅದನ್ನು ಆಧಾರವಾಗಿಟ್ಟುಕೊಂಡೇ ರಸಾಯನಶಾಸ್ತ್ರಜ್ಞರು ಕಫವನ್ನು ತೆಳುವಾಗಿಸುವ ಬ್ರೋಮ್‌ಹೆಕ್ಸಿನ್ ಎಂಬ ಔಷಧವನ್ನು ನಿರ್ಮಿಸಿದರು. ಇಂದು ಅಂಗಡಿಯಲ್ಲಿ ಕೊಳ್ಳುವ ಎಷ್ಟೋ ಕೆಮ್ಮಿನ ಸೀಸೆಗಳ ವಂಶವೃಕ್ಷವನ್ನು ಹುಡುಕುತ್ತ ಹೋದರೆ ನಮ್ಮ ಬೇಲಿಗೇ ಬಂದು ಮುಟ್ಟುತ್ತೇವೆ. ಇದನ್ನು ಓದಿ ತಿಳಿದ ಮೇಲೆ ನಮಗೆ ಗಿಡದ ಬಗೆಗೆ ಅಭಿಮಾನ ಹೆಚ್ಚಿತು. ಅಭಿಮಾನವೇ ನಮ್ಮನ್ನು ಕುರುಡರನ್ನಾಗಿಸಿತು.

ನಮ್ಮ ತಮ್ಮ ಇಚಲಕರಂಜಿಯಲ್ಲಿ ವಿದ್ಯುನ್ಮಗ್ಗದ ಕೆಲಸಗಾರ. ೧೯೦೪ರಲ್ಲಿ ಮೊದಲ ವಿದ್ಯುನ್ಮಗ್ಗ ಬಂದ ಆ ಊರಿನಲ್ಲಿ ಈಗ ಓಣಿ ಓಣಿಗೂ ಮಗ್ಗಗಳ ಸದ್ದು. ಹತ್ತಿಯ ನವಿರಾದ ಎಳೆ ಗಾಳಿಯಲ್ಲಿ ತೇಲುತ್ತ ಹುಬ್ಬಿನ ಮೇಲೂ ಕೂಡುತ್ತದೆ. ಕೆಲವು ವರ್ಷಗಳ ಹಿಂದೆ ದೀಪಾವಳಿಗೆ ಊರಿಗೆ ಬಂದಾಗ ಅವನು ಕೆಮ್ಮುತ್ತಿದ್ದ. “ಮಗ್ಗದ ಧೂಳು” ಎಂದ. ನಾವೂ ಹೌದೆಂದೆವು. ಅಜ್ಜಿ ರಸ ಹಿಂಡಿದರು. ಮರಳಿ ಹೊರಟಾಗ ನಾವೇ ಒಂದು ಚೀಲ ಎಲೆ ಕಟ್ಟಿಕೊಟ್ಟೆವು. ಮುಂದೆ ಆರು ವಾರ, ಪ್ರತಿ ಭಾನುವಾರ ಬಸ್ಸಿನಲ್ಲಿ ಅವನಿಗೆ ಎಲೆ ಹೋಗುತ್ತಿತ್ತು. ಸಂಜೆ ಜ್ವರ ಬರುತ್ತಿದೆಯೆಂದ, ರಾತ್ರಿಪಾಳಿಯ ಆಯಾಸವೆಂದೆವು. ಅಂಗಿ ಸಡಿಲಾಯಿತೆಂದ, ಖಾನಾವಳಿಯ ಊಟವೆಂದೆವು. ಪ್ರತಿಯೊಂದು ಪ್ರಶ್ನೆಗೂ ನಮ್ಮಲ್ಲಿ ಉತ್ತರ ಸಿದ್ಧವಾಗಿತ್ತು. ಉಪಾಧ್ಯಾಯರ ದೊಡ್ಡ ದೋಷವೇ ಅದು.

ಏಳನೆಯ ವಾರ ಅವನ ಕರವಸ್ತ್ರದಲ್ಲಿ ರಕ್ತ ಕಾಣಿಸಿತು. ಕೊಲ್ಲಾಪುರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕಫದ ಪರೀಕ್ಷೆಯಾಯಿತು, ಕ್ಷಯವೆಂದರು. ರಾಬರ್ಟ್ ಕಾಕ್ ೧೮೮೨ರ ಮಾರ್ಚ್ ೨೪ರಂದು ಜಗತ್ತಿಗೆ ಸಾರಿದ ಆ ರೋಗಾಣುವಿನ ಬಗೆಗೆ ನಾವು ಮಕ್ಕಳಿಗೆ ಪಾಠ ಹೇಳಿದವರು! ವೈದ್ಯರು ಗದರಿಸಲಿಲ್ಲ. “ಎಷ್ಟು ದಿನದಿಂದ ಕೆಮ್ಮು?” ಎಂದಷ್ಟೇ ಕೇಳಿದರು. ಬಳಿಕ, “ಮನೆಯಲ್ಲಿ ಮಕ್ಕಳಿದ್ದಾರೆಯೆ?” ಎಂದರು. ತಮ್ಮನಿಗೆ ಮೂರು ವರ್ಷದ ಮಗಳಿದ್ದಳು. ಅವನ ಮಗ್ಗುಲಲ್ಲೇ ಮಲಗುತ್ತಿದ್ದಳು. ಆಗ ನಮಗಾದ ನಾಚಿಕೆಯನ್ನು ಬರೆಯಲಾರೆವು.

ಮಗುವಿಗೆ ರೋಗ ತಗಲಿರಲಿಲ್ಲ. ಮುಂಜಾಗ್ರತೆಯ ಮಾತ್ರೆ ಕೊಟ್ಟರು. ತಮ್ಮ ಆರು ತಿಂಗಳು ಒಂದು ದಿನವೂ ತಪ್ಪಿಸದೆ ಔಷಧ ಸೇವಿಸಿ ಗುಣಹೊಂದಿದ. ಮೊದಲ ಕೆಲವು ವಾರಗಳಲ್ಲೇ ಕೆಮ್ಮು ಇಳಿದು, ಇನ್ನು ಔಷಧವೇಕೆ ಎನ್ನಿಸುವುದುಂಟು; ಆಗ ನಿಲ್ಲಿಸಿದರೆ ಉಳಿದ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗಬಹುದೆಂದು ವೈದ್ಯರು ಎಚ್ಚರಿಸಿದ್ದರು.

ಆಡುಸೋಗೆ ನಮಗೆ ಮೋಸ ಮಾಡಲಿಲ್ಲ. ಕಫವನ್ನು ಸಡಿಲಿಸುವುದು ಅದರ ಕೆಲಸ, ಅದನ್ನು ಮಾಡಿತು. ಕ್ಷಯದ ರೋಗಾಣುವನ್ನು ನಿರ್ಮೂಲ ಮಾಡೆಂದು ಕೇಳಿದವರು ನಾವು. ಹಳೆಯ ವೈದ್ಯಗ್ರಂಥಗಳು ಈ ಗಿಡವನ್ನು ಕ್ಷಯಕ್ಕೂ ಹೇಳಿರುವುದುಂಟು. ಆದರೆ ಅವುಗಳ ಕಾಲದಲ್ಲಿ ಬೇರೆ ಮದ್ದಿರಲಿಲ್ಲ, ನಮ್ಮ ಕಾಲದಲ್ಲಿ ಇದೆ.

ಮನೆಮದ್ದು ನಿರಪಾಯವೆಂಬ ಭ್ರಮೆಯೂ ಸಲ್ಲದು. ಯುರೋಪಿನ ಹಳ್ಳಿಗರು ನೆಗಡಿಗೆ ಎಲ್ಡರ್‌ಬೆರಿ ಎಂಬ ಕಪ್ಪು ಹಣ್ಣಿನ ಪಾಕ ಮಾಡುತ್ತಾರೆ. ಬೇಯಿಸದೆ ತಿಂದರೆ ಅದೇ ಹಣ್ಣು ವಾಂತಿ ತರುತ್ತದೆ. ನಮ್ಮ ಆಡುಸೋಗೆ ಗರ್ಭಕೋಶವನ್ನು ಸಂಕೋಚಿಸಬಲ್ಲುದು, ಗರ್ಭಿಣಿಯರಿಗೆ ಕೊಡಲಾಗದು. ಒಂದು ವರ್ಷ ತುಂಬದ ಕೂಸಿಗೆ ಜೇನು ಕೂಡದು. ಹೆಸರಿನಲ್ಲಿಯೂ ಅಪಾಯವಿದೆ: ‘ಆಡುಮುಟ್ಟದ ಬಳ್ಳಿ’ ಎಂಬುದು ಬೇರೊಂದು ಸಸ್ಯ, ವಾಂತಿಕಾರಕ. ಎರಡು ನುಡಿಗಳ ಗಡಿಯಲ್ಲಿ ಬಾಳುವ ನಾವು ಹೆಸರು ಕೇಳಿ ಅಲ್ಲ, ಗಿಡ ನೋಡಿ ಕೀಳಬೇಕು.

ಆದುದರಿಂದ ಸಹೋದ್ಯೋಗಿಗಳಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನಮ್ಮ ಬಿನ್ನಹವಿಷ್ಟೆ: ತರಗತಿಯಲ್ಲಾಗಲಿ ಮನೆಯಲ್ಲಾಗಲಿ ಯಾರ ಕೆಮ್ಮಾದರೂ ಎರಡು ವಾರ ದಾಟಿದರೆ ಕಫದ ಪರೀಕ್ಷೆ ಮಾಡಿಸಿರಿ. ಸರಕಾರಿ ದವಾಖಾನೆಗಳಲ್ಲಿ ಪರೀಕ್ಷೆಗೂ ಔಷಧಕ್ಕೂ ಹಣ ಕೊಡಬೇಕಾಗಿಲ್ಲ.

ಅಜ್ಜಿಗೆ ಇದನ್ನೆಲ್ಲ ವಿವರಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಬೇಲಿಯನ್ನು ಕಡಿಸಿಬಿಡೆನ್ನುವರೋ ಎಂದು ನಾವು ಅಂಜಿದ್ದೆವು. ಹಾಗೆನ್ನಲಿಲ್ಲ. ಈಗಲೂ ಮಳೆಗಾಲದಲ್ಲಿ ರಸ ಹಿಂಡುತ್ತಾರೆ. ಆದರೆ ಬಟ್ಟಲನ್ನು ಕೈಗೆ ಕೊಡುವ ಮೊದಲು ಒಂದು ಮಾತು ಕೇಳುತ್ತಾರೆ: “ಎಷ್ಟು ದಿನ ಆತು ಕೆಮ್ಮು ಬಂದು?”