ಅಜ್ಜಿ ಒಬ್ಬಾಕಿನ

ನಮ್ಮ ಮನಿತನದ ವಂಶಾವಳಿ ಈಗ ಮಗಳ ಕಂಪ್ಯೂಟರಿನ್ಯಾಗ ಅದ. ಆಕಿ ಅದನ್ನ ರೂಬಿ ಅನ್ನೂ ಭಾಷಾದಾಗ ಮಾಡ್ಯಾಳ. ಜಪಾನಿನ ಯುಕಿಹಿರೊ ಮಾತ್ಸುಮೊಟೊ ಅವರು 1995ರಾಗ ಹೊರಗ ತಂದ ಭಾಷಾ ಅದು.

ಪ್ರೋಗ್ರಾಮ್ ನಡಿಯೂತನಕ ಹೆಸರು, ಸಂಬಂಧ ಎಲ್ಲಾ ಅದರ ನೆನಪಿನ್ಯಾಗ ಇರತಾವ. ಬಂದ್ ಮಾಡಿದ್ರ ಹೋಗತಾವ. ಅದಕ್ಕ ‘ಮಾರ್ಷಲ್ ಡಂಪ್’ ಅಂದ್ರ ರೂಬಿ ಎಲ್ಲಾನೂ ಬೈಟುಗಳ ಸಾಲು ಮಾಡಿ ಗಂಟು ಕಟ್ಟತದ. ಅದನ್ನ ಫೈಲಿನ್ಯಾಗ ಇಡಬಹುದು. ‘ಮಾರ್ಷಲ್ ಲೋಡ್’ ಅಂದ್ರ ಗಂಟು ಬಿಚ್ಚತದ. ಗಂಟಿನ ಮೊದಲಿನ ಎರಡು ಬೈಟು 4 ಮತ್ತ 8. ಅದು ಕಟ್ಟೂ ಪದ್ಧತಿಯ ಆವೃತ್ತಿ.

ನನಗ ಭಾಳ ಸೇರಿದ್ದು ಒಂದದ. ನಾನೂ ನನ್ನ ಚಿಗವ್ವನ ಮಗಳೂ ಒಬ್ಬಾಕಿ ಅಜ್ಜಿ ಮೊಮ್ಮಕ್ಕಳು. ಮಾರ್ಷಲ್ ಅಜ್ಜಿನ್ನ ಒಮ್ಮೆ ಬರದು, ಎರಡನೇ ಸಲ ‘ಆಗಲೇ ಬಂದಾಳಲ್ಲ, ಆಕಿನ’ ಅಂತ ಗುರುತಷ್ಟ ಹಾಕತದ. ಬಿಚ್ಚಿದ ಮ್ಯಾಲೂ ಅಜ್ಜಿ ಒಬ್ಬಾಕಿನ. ಜೇಸನ್ ಅನ್ನೂ ಪದ್ಧತಿಯೊಳಗ ಸುಮ್ಮನ ಬರದ್ರ ಇಬ್ಬರ ಹೆಸರಿನ ಕೆಳಗೂ ಅಜ್ಜಿ ಬರತಾಳ. ಬಿಚ್ಚಿದ್ರ ಇಬ್ಬರು ಅಜ್ಜಿಯರು!

ಆದ್ರ ಎರಡು ಮಾತು. ಈ ಫೈಲು ನಮಗ ಕಣ್ಣಿಲೆ ಓದಾಕ ಬರೂದಿಲ್ಲ, ಅದು ರೂಬಿ ಕಟ್ಟಿದ ಗಂಟು. ಅದಕ್ಕ ಒಂದು ಪ್ರತಿ ಹಾಳಿ ಮ್ಯಾಲೆ ಕನ್ನಡದಾಗ ಇರಬೇಕಂತ ಹಟ ಹಿಡದೀನಿ. ಇನ್ನೊಂದು, ಗುರುತಿಲ್ಲದವರು ಕಳಸಿದ ಗಂಟು ಬಿಚ್ಚಬಾರದು. ಬಿಚ್ಚೂ ಹೊತ್ತಿಗೇ ಅದರೊಳಗಿನ ಕಪಟ ನಮ್ಮ ಕಂಪ್ಯೂಟರಿನ್ಯಾಗ ತನಗ ಬೇಕಾದ ಕೆಲಸ ಮಾಡಸಬಹುದು. ರೂಬಿ ಮಾಡಿದವರೂ ಈ ಎಚ್ಚರಿಕಿ ಬರದಿಟ್ಟಾರ.

ನಿಮ್ಮ ಮೊಮ್ಮಕ್ಕಳ ಹೆಸರು ಬಿಟ್ಟಿದ್ರ ಹೇಳ್ರಿ. ಬಾಯಿಲೆ ಹೇಳ್ರಿ, ಗಂಟು ಕಳಸಬ್ಯಾಡ್ರಿ.