ಹಿಂಬದಿಯ ಕಿಂಡಿ

ಅವ್ವ ಧಾರವಾಡದಲ್ಲಿ ತೀರಿಕೊಂಡು ಮೂರು ತಿಂಗಳಾದ ಮೇಲೆ ಆಕೆಯ ಟ್ರಂಕಿನ ತಳದಲ್ಲಿ ಒಂದು ಲಕೋಟೆ ಸಿಕ್ಕಿತು. ಮೇಲೆ ಕನ್ನಡದಲ್ಲಿ ನನ್ನ ಮಗನ ಹೆಸರು; ಒಳಗೆ ಪಿಂಚಣಿಯಲ್ಲಿ ಉಳಿಸಿದ 35,000 ರೂಪಾಯಿ. ಹತ್ತನೆಯ ತರಗತಿ ಮುಗಿಸಿದ್ದ ಮಗ ಆ ಹಣದಲ್ಲಿ ತನ್ನ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಕೊಳ್ಳುತ್ತೇನೆಂದ. ಅವ್ವನ ಹಣ ಆಟದ ಪಾಲಾಗುವುದೇ ಎಂದು ನನಗೆ ಕಸಿವಿಸಿಯಾಯಿತು. ಆದರೆ ಲಕೋಟೆಯ ಮೇಲಿದ್ದದ್ದು ನನ್ನ ಹೆಸರಲ್ಲ.

ಒಂದು ಭಾನುವಾರ, ಕೊಂಢವಾದ ನಮ್ಮ ಬಾಡಿಗೆ ಮನೆಯಲ್ಲಿ ತಂದೆ ಮಗ ಸೇರಿ ಕಂಪ್ಯೂಟರನ್ನು ಬಿಚ್ಚಿದೆವು. ಹಳೆಯದು ಜಿಟಿಎಕ್ಸ್ 1050 ಟಿಐ. ಅದರ ಹಸಿವು 75 ವ್ಯಾಟ್, ಮದರ್‌ಬೋರ್ಡಿನಿಂದಲೇ ತೀರುತ್ತಿತ್ತು. ಹೊಸದು 12 ಜಿಬಿ ಸ್ಮೃತಿಯ ಆರ್‌ಟಿಎಕ್ಸ್ 3060. ಅದಕ್ಕೆ 170 ವ್ಯಾಟ್ ಬೇಕು, ಪ್ರತ್ಯೇಕ ವಿದ್ಯುತ್ ತಂತಿ ಬೇಕು. ಹಾಗಾಗಿ 550 ವ್ಯಾಟಿನ ಪವರ್ ಸಪ್ಲೈಯನ್ನೂ ತಂದಿದ್ದೆವು. ಕಾರ್ಡನ್ನು ಕೂರಿಸಿದವನು ಮಗ. ಮೇಜಿಗೂ ಗೋಡೆಗೂ ನಡುವೆ ನುಸುಳಿ, ಟಾರ್ಚ್ ಹಿಡಿದು, ಹಿಂಬದಿಯ ತಂತಿಗಳನ್ನೆಲ್ಲ ಜೋಡಿಸಿದವನು ನಾನು. ಪರದೆ ಬೆಳಗಿತು. ಇಬ್ಬರೂ ಹಿಗ್ಗಿದೆವು.

ಹಿಗ್ಗು ಆಟ ತೆರೆಯುವವರೆಗೆ ಮಾತ್ರ. ಹಳೆಯ ಕಾರ್ಡು ಸೆಕೆಂಡಿಗೆ ಸುಮಾರು 40 ಚಿತ್ರಗಳನ್ನು ತೋರಿಸುತ್ತಿದ್ದ ಆಟದಲ್ಲಿ ಹೊಸದು 15ರ ಆಚೆ ಈಚೆ ತೆವಳುತ್ತಿತ್ತು. ಡ್ರೈವರ್ ತಂತ್ರಾಂಶವನ್ನು ಬುಡಸಹಿತ ಕಿತ್ತು ಮತ್ತೆ ಹಾಕಿದೆವು. ಕಾರ್ಡಿನ ಬಿಸಿ ನೋಡಿದೆವು. ಚಿತ್ರದ ಗುಣಮಟ್ಟ ಇಳಿಸಿದೆವು. ನಾಲ್ಕನೆಯ ದಿನ ನನ್ನ ತಾಳ್ಮೆ ಕಡಿಯಿತು.

“ಅಜ್ಜಿ ಒಂದೊಂದ ರೂಪಾಯಿ ಕೂಡಿಸಿ ಇಟ್ಟಿದ್ಲು. ನೀ ಅದನ್ನ ಮಣ್ಣುಪಾಲು ಮಾಡಿದಿ.”

ಅವನು ಉತ್ತರ ಕೊಡಲಿಲ್ಲ. ಅಂದು ಊಟವನ್ನೂ ಅರ್ಧಕ್ಕೆ ಬಿಟ್ಟೆದ್ದ.

ಶನಿವಾರ ಕಾರ್ಡನ್ನು ಬಿಚ್ಚಿಕೊಂಡು, ಸ್ಕೂಟರಿನಲ್ಲಿ ಬುಧವಾರ ಪೇಠೆಯ ತಪಕೀರ ಗಲ್ಲಿಯ ಬಳಿಯ ಅಂಗಡಿಗೆ ಹೋದೆವು. ದಾರಿಯುದ್ದಕ್ಕೂ ಜಗಳಕ್ಕೆ ಬೇಕಾದ ಮರಾಠಿ ವಾಕ್ಯಗಳನ್ನು ನಾನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಅಂಗಡಿಯವನು ತನ್ನ ಯಂತ್ರಕ್ಕೆ ಕಾರ್ಡನ್ನು ಸಿಕ್ಕಿಸಿದ. ಅದು ನೀರಿನಂತೆ ಓಡಿತು. “ಕಾರ್ಡ್ ಚಾಂಗಲಂ ಆಹೇ, ಸಾಹೇಬ್” ಎಂದು ಆತ ಸೌಜನ್ಯದಿಂದಲೇ ಹಿಂದಿರುಗಿಸಿದ. ಸ್ವಾರಗೇಟ್, ಗಂಗಾಧಾಮ ದಾಟಿ ಮನೆ ಮುಟ್ಟುವವರೆಗೆ ನಮ್ಮಲ್ಲಿ ಒಂದು ಮಾತಿಲ್ಲ.

ಕಾರ್ಡನ್ನು ಮತ್ತೆ ಕೂರಿಸಿದ ಮೇಲೆ, ಆ ರಾತ್ರಿ ಮಗ ಆಟದ ಪಕ್ಕದಲ್ಲೇ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟ. ಅಲ್ಲಿ ಎರಡು ಗ್ರಾಫಿಕ್ಸ್ ಸಾಧನಗಳಿದ್ದವು: ಪ್ರೊಸೆಸರಿನ ಒಳಗೇ ಇರುವ ಪುಟ್ಟದೊಂದು, ನಮ್ಮ ಹೊಸ ಕಾರ್ಡ್ ಇನ್ನೊಂದು. ಪುಟ್ಟದು ಏದುಸಿರು ಬಿಡುತ್ತಿತ್ತು. ದೊಡ್ಡದು ಸುಮ್ಮನೆ ಕುಳಿತಿತ್ತು. ಅವನು ಮೊಬೈಲಿನ ಬೆಳಕು ಹಿಡಿದು ಮೇಜಿನ ಹಿಂದೆ ಬಗ್ಗಿದ.

“ಅಪ್ಪಾ, ಮಾನಿಟರಿನ ಕೇಬಲ್ ಕಾರ್ಡಿಗೆ ಹಚ್ಚಿಲ್ರಿ. ಮದರ್‌ಬೋರ್ಡಿಗೆ ಹಚ್ಚೀರಿ.”

ಎಚ್‌ಡಿಎಂಐ ಕಿಂಡಿ ಎರಡು ಕಡೆ ಇರುತ್ತದೆ: ಮೇಲೆ ಮದರ್‌ಬೋರ್ಡಿನದು, ಕೆಳಗೆ ಅಡ್ಡವಾಗಿ ಕಾರ್ಡಿನದು. ಕತ್ತಲಲ್ಲಿ ನನ್ನ ಕೈಗೆ ಮೊದಲು ಸಿಕ್ಕಿದ್ದು ಮೇಲಿನದು. ಪರದೆ ಬೆಳಗಿದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಕಚೇರಿಯಲ್ಲಿ ಇಪ್ಪತ್ತು ವರ್ಷ ಕಳೆದವನಿಗೆ ಇದು ಬೇಗ ಅರ್ಥವಾಗಬೇಕಿತ್ತು. ಸಮರ್ಥ ಅಧಿಕಾರಿ ಬಂದು ಕುಳಿತಿದ್ದರೂ ಟಪಾಲು ಹಳೆಯ ಮೇಜಿಗೇ ಹೋಗುತ್ತಿದ್ದರೆ ಕಡತ ಸರಿಯುವುದಾದರೂ ಹೇಗೆ? ಕುಣಿಯಲಾರದವಳು ನೆಲ ಡೊಂಕೆಂದಳಂತೆ. ನಾನು ನೆಲವನ್ನಷ್ಟೇ ಅಲ್ಲ, ಮಗನನ್ನೂ ಡೊಂಕೆಂದಿದ್ದೆ.

ಕೇಬಲ್ ಸ್ಥಾನ ಬದಲಿಸಿದ ಕೂಡಲೇ ಲೆಕ್ಕ 60 ದಾಟಿತು. ನಮ್ಮ ಮಾನಿಟರು ತೋರಿಸಬಲ್ಲದ್ದೂ ಸೆಕೆಂಡಿಗೆ 60 ಮಾತ್ರ. ಆದರೂ ಜನಸಂದಣಿಯ ದೃಶ್ಯಗಳಲ್ಲಿ ಮುಗ್ಗರಿಸುತ್ತಿತ್ತು. ಅಲ್ಲಿ ಕಾರ್ಡ್ ಅರ್ಧ ಬಿಡುವಾಗಿದ್ದು, 2019ರ ಐ5 ಪ್ರೊಸೆಸರ್ ದಣಿದಿರುವುದನ್ನು ಮಗ ತೋರಿಸಿದ. 8 ಜಿಬಿಯ ಒಂದೇ ರ್‍ಯಾಮ್ ಪಟ್ಟಿ ಇದ್ದುದರಿಂದ ಸ್ಮೃತಿಯ ಎರಡು ದಾರಿಗಳಲ್ಲಿ ಒಂದು ಬರಿದಾಗಿತ್ತು. ಜೊತೆಗೆ ಅಂಥದೇ ಇನ್ನೊಂದನ್ನು ಹಾಕಿದ ಮೇಲೆ ಮುಗ್ಗರಿಕೆ ಬಹುಮಟ್ಟಿಗೆ ತಗ್ಗಿತು. ಆ ಪಟ್ಟಿಯ ಹಣ ನನ್ನದು; ಒಂದು ಬಗೆಯ ದಂಡ.

ಆದರೆ ದಂಡ ತೆತ್ತರೆ ಮಾತು ಹಿಂದಕ್ಕೆ ಬರುವುದಿಲ್ಲ. ಇಂಗ್ಲಿಷಿನಲ್ಲಿ ಎಂ.ಎ. ಮಾಡಿದ ನಾನು ಕಚೇರಿಯಲ್ಲಿ ದಿನಕ್ಕೆ ಹತ್ತು ಸಲ ‘ಸಾರಿ’ ಅನ್ನುತ್ತೇನೆ. ಮನೆಯಲ್ಲಿ ಆ ಪದ ತೀರಾ ಹಗುರವೆನಿಸಿತು.

“ತಪ್ಪು ನಂದು. ಅಜ್ಜಿ ಹೆಸರು ತಗದು ಹಂಗ ಅನ್ನಬಾರದಿತ್ತು” ಎಂದೆ.

“ಇರ್ಲಿ ಬಿಡ್ರಿ” ಎಂದ ಅವನು. ಸ್ವಲ್ಪ ಹೊತ್ತಿನ ಬಳಿಕ ಡ್ರಾಯರಿನಿಂದ ಅದೇ ಲಕೋಟೆ ತೆಗೆದ. ಕಾರ್ಡಿನ ರಸೀದಿಯನ್ನು ಅದರಲ್ಲೇ ಇಟ್ಟುಕೊಂಡಿದ್ದ. ಪುಣೆಯಲ್ಲೇ ಓದಿದ ಅವನಿಗೆ ಕನ್ನಡ ಮಾತು ಬರುತ್ತದೆ, ಲಿಪಿ ಬರುವುದಿಲ್ಲ.

“ಇದ್ರಾಗ ನನ್ನ ಹೆಸರು ಹೆಂಗ ಓದೋದ್ರಿ?”

ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು ಓದಿಸಿದೆ. ಕೊನೆಯ ಅಕ್ಷರ ಬರೆಯುವಾಗ ಅವ್ವನ ಕೈ ನಡುಗಿದ್ದು ನನಗೂ ಕಂಡದ್ದು ಆಗಲೇ.